ಪುಟ್ಟಿಗೆ ದೊಡ್ಡಮ್ಮನ ಉತ್ತರ: ರೇಸ್ ನೋಡಲಿ, ಬೈಕ್‌ನಲ್ಲಿ ಹೋಗೋದು ಬೇಡ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ ಕಣೇ. ಮಗ ಗುರುವಾರ ಅಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಫ್ರೆಂಡ್ ಬೈಕ್ ಹತ್ತಿಕೊಂಡು ಸ್ಪೀಡ್‌ವೇ ರೇಸ್ ನೋಡಲು ಹೋಗುತ್ತಾನಂತೆ, ಆ ಬೈಕ್‌ಗಳಿಗೆ ಬ್ರೇಕೇ ಇರುವುದಿಲ್ಲವಂತೆ, ಕಳಿಸಲೋ ಬೇಡವೋ ಅಂತ ಕೇಳಿದ್ದೀಯ. ಗ್ರೂಪಿನಲ್ಲಿ ಎಲ್ಲರೂ ಆ ಕೈಮುಗಿಯುವ ಗೊಂಬೆ ಹಾಕಿ ಸುಮ್ಮನಾಗಿದ್ದಾರೆ. ನನಗೆ ಟೈಪ್ ಮಾಡಿದರೆ ಕಣ್ಣು ಉರಿಯುತ್ತದೆ, ಅದಕ್ಕೆ ಮಾತಾಡಿಯೇ ಹೇಳುತ್ತೇನೆ. ಉದ್ದ ಆಯಿತು ಅಂತ ಯಾರೂ ಸ್ಪೀಡ್ ಜಾಸ್ತಿ ಮಾಡಿಕೊಂಡು ಕೇಳಬೇಡಿ, ನನ್ನ ದನಿ ಗುಬ್ಬಚ್ಚಿ ಥರ ಆಗುತ್ತದೆ.

ನಮ್ಮ ಡಡ್ಲಿಯ ಹಳೇ ಮನೆ ನಿಮಗೆಲ್ಲ ಗೊತ್ತಲ್ಲ. ಅಲ್ಲಿಂದ ಕ್ರೇಡ್ಲಿ ಹೀತ್ ಅನ್ನೋ ಊರು ಏನೂ ದೂರ ಇಲ್ಲ. ಡಡ್ಲಿ ವುಡ್ ಅಂತ ಸ್ಟೇಡಿಯಂ ಇತ್ತು. ಸೀಸನ್ ಶುರುವಾದರೆ ಶನಿವಾರ ಸಂಜೆ ಅಲ್ಲಿ ಸ್ಪೀಡ್‌ವೇ. ನಾವಾಗಿ ಹೋದವರಲ್ಲಪ್ಪ. ಪಕ್ಕದ ಮನೆ ತಾತ ಇದ್ದರಲ್ಲ, ಸರಪಳಿ ಕಾರ್ಖಾನೆಯಲ್ಲಿ ಜೀವಮಾನ ದುಡಿದವರು, ಅವರು ನಿಮ್ಮ ದೊಡ್ಡಪ್ಪನನ್ನು ಎಳೆದುಕೊಂಡು ಹೋದರು. ಆ ಊರೇ ಸರಪಳಿಗೆ ಹೆಸರಾಗಿದ್ದ ಊರು. ದೊಡ್ಡಪ್ಪ ವಾಪಸ್ ಬಂದಾಗ ಕೋಟಿನ ತುಂಬ ಕೆಂಪು ಧೂಳು, ಜೊತೆಗೆ ಹರಳೆಣ್ಣೆ ವಾಸನೆ. ನಾನು ಇದೇನು, ಯಾರ ಮನೆಯಲ್ಲಿ ಎಣ್ಣೆಸ್ನಾನ ಮಾಡಿಬಂದಿರಿ ಅಂತ ಕೇಳಿದೆ. ಆಗ ಆ ಇಂಜಿನ್‌ಗಳಿಗೆ ಹಾಕುತ್ತಿದ್ದ ಆಯಿಲ್‌ನಲ್ಲಿ ನಿಜವಾಗಿಯೂ ಹರಳೆಣ್ಣೆ ಇರುತ್ತಿತ್ತು. ಪೆಟ್ರೋಲ್ ಬದಲು ಮೆಥನಾಲ್. ಎರಡೂ ಸೇರಿ ಸುಟ್ಟ ವಾಸನೆ ಒಂದು ಸಲ ಮೂಗಿಗೆ ಹಿಡಿದರೆ ಬಿಡುವುದಿಲ್ಲ. ಆಮೇಲೆ ನಾನೂ ಹೋಗತೊಡಗಿದೆ.

ಆಟ ಏನು ಅಂತ ಬೇಗ ಹೇಳಿಬಿಡುತ್ತೇನೆ. ನಾಲ್ಕು ಜನ, ನಾಲ್ಕು ಸುತ್ತು, ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯಿತು. 500 ಸಿಸಿ ಬೈಕ್, ಒಂದೇ ಗೇರ್. ಬ್ರೇಕ್ ಇಲ್ಲ ಅಂತ ನೀನು ಗಾಬರಿಯಾಗಿದ್ದೀಯಲ್ಲ, ಅದು ಇಲ್ಲದಿರುವುದೇ ಒಂದು ಲೆಕ್ಕಕ್ಕೆ ಒಳ್ಳೆಯದು. ಮುಂದಿನವನು ದಿಢೀರ್ ಅಂತ ಬ್ರೇಕ್ ಹಾಕಿದರೆ ಹಿಂದಿನ ಮೂವರೂ ಅವನ ಮೇಲೆ ಬೀಳುತ್ತಾರೆ, ಅಲ್ವಾ? ಟ್ರ್ಯಾಕ್ ಮೇಲೆ ಶೇಲ್ ಅಂತ ಕೆಂಪು ಕಲ್ಲಿನ ಪುಡಿ ಹಾಕಿರುತ್ತಾರೆ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸುತ್ತಾರೆ. ಬೈಕ್ ಎಡಕ್ಕೆ ತಿರುಗುತ್ತಿರುತ್ತದೆ, ಹ್ಯಾಂಡಲ್ ಮಾತ್ರ ಬಲಕ್ಕೆ. ಎಡಗಾಲು ನೆಲದ ಮೇಲೆ. ಆ ಬೂಟಿನ ಅಡಿಗೆ ಉಕ್ಕಿನ ಅಟ್ಟೆ ಕಟ್ಟಿಕೊಂಡಿರುತ್ತಾರೆ. ಈ ಉಕ್ಕಿನ ಅಟ್ಟೆ ವಿಷಯ ನೆನಪಿಟ್ಟುಕೋ, ನನ್ನ ಕಥೆ ಇರುವುದೇ ಅದರಲ್ಲಿ.

ಆ ಕಾಲಕ್ಕೆ ಕ್ಯಾಲಿಫೋರ್ನಿಯಾ ಹುಡುಗರು ಬ್ರಿಟನ್‌ನ ಟೀಮುಗಳಿಗೆ ಸಾಲಾಗಿ ಬರುತ್ತಿದ್ದರು. ಅವರ ಊರಲ್ಲಿ, ಕೋಸ್ಟಾ ಮೆಸಾ ಅಂತ, ಮೈದಾನದ ಟ್ರ್ಯಾಕ್ ಬಹಳ ಪುಟ್ಟದು. ಅಷ್ಟು ಜಾಗದಲ್ಲಿ ತಿರುಗಿಸಿ ಅಭ್ಯಾಸ ಆದವರು, ಥ್ರಾಟಲ್ ಹಿಡಿತ ಅವರ ಕೈಯಲ್ಲೇ ಇತ್ತು. ಎಕ್ಸಿಟರ್‌ನಲ್ಲಿ ಸ್ಕಾಟ್ ಆಟ್ರಿ, ರೆಡಿಂಗ್‌ನಲ್ಲಿ ಬಾಬಿ ಶ್ವಾರ್ಟ್ಸ್, ಹಲ್‌ನಲ್ಲಿ ಡೆನ್ನಿಸ್ ಸಿಗಾಲೋಸ್. ನಮ್ಮ ಕ್ರೇಡ್ಲಿ ಟೀಮಿಗೆ ಬಂದವನು ಬ್ರೂಸ್ ಪೆನ್‌ಹಾಲ್. ಹೊಂಬಣ್ಣದ ಕೂದಲು, ನಗುಮುಖ. ಸರಪಳಿ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಮೋಡದ ಊರಿಗೆ ಅವನು ಬಂದು ನಿಂತರೆ ಬೀದಿಯ ಹೆಂಗಸರೆಲ್ಲ ಸ್ಪೀಡ್‌ವೇ ಕಲಿತುಬಿಟ್ಟರು. ನಾನು ಕಲಿತದ್ದು ಆಟಕ್ಕೋಸ್ಕರವೇ, ನಿಮ್ಮ ದೊಡ್ಡಪ್ಪ ಏನಾದರೂ ಹೇಳಿಕೊಳ್ಳಲಿ.

ಪಕ್ಕದ ಮನೆ ತಾತ ಸದಾ ಒಂದು ಮಾತು ಹೇಳುತ್ತಿದ್ದರು. 1937ರಲ್ಲಿ ಲಂಡನ್‌ನ ವೆಂಬ್ಲಿಯಲ್ಲಿ ನಡೆದ ವಿಶ್ವ ಫೈನಲ್‌ನ ಮೊದಲ ಮೂರು ಸ್ಥಾನವೂ ಅಮೆರಿಕದವರದೇ, ಜ್ಯಾಕ್ ಮಿಲ್ನ್, ವಿಲ್ಬರ್ ಲ್ಯಾಮರೊ, ಜ್ಯಾಕ್‌ನ ತಮ್ಮ ಕಾರ್ಡಿ ಮಿಲ್ನ್. ಆಮೇಲೆ ಒಬ್ಬನೂ ಗೆಲ್ಲಲಿಲ್ಲ, ನಾನು ಸಾಯುವುದರೊಳಗೆ ಇನ್ನೊಬ್ಬ ಗೆಲ್ಲಬೇಕು ಅಂತ. 1981ರ ಸೆಪ್ಟೆಂಬರ್‌ನಲ್ಲಿ ಅದೇ ವೆಂಬ್ಲಿಯಲ್ಲಿ, 90 ಸಾವಿರಕ್ಕೂ ಮೀರಿದ ಜನರ ಮುಂದೆ, ಪೆನ್‌ಹಾಲ್ ಗೆದ್ದ. ಡೆನ್ಮಾರ್ಕಿನ ಓಲೆ ಓಲ್ಸನ್ ಮತ್ತು ಟಾಮಿ ಕ್ನುಡ್ಸನ್, ಇಬ್ಬರನ್ನೂ ಒಂದೊಂದು ರೇಸಿನಲ್ಲಿ ಕೊನೆಯ ಗೆರೆಯ ಹತ್ತಿರ ಹಿಂದೆ ಹಾಕಿದ. ಇನ್ನೇನು ಹೋಯಿತು ಅನ್ನುವಾಗ ಚಕ್ರದಷ್ಟು ಮುಂದೆ! ತಾತ ಅತ್ತುಬಿಟ್ಟರು. ಅದಾದ ಮೇಲೆ ವೆಂಬ್ಲಿಯಲ್ಲಿ ವಿಶ್ವ ಫೈನಲ್ ನಡೆಯಲೇ ಇಲ್ಲ. ಆ ವರ್ಷ ಬ್ರಿಟನ್‌ನ ಟೀಮುಗಳ ಲೀಗೂ ಕ್ರೇಡ್ಲಿಗೇ ಬಂತು.

ಈಗ ವಿಷಯಕ್ಕೆ ಬರುತ್ತೇನೆ. ಅಂದು ನಮ್ಮ ಜೊತೆ ಯಾರಿದ್ದರು? ನಿಮ್ಮ ಸಣ್ಣ ಚಿಕ್ಕಪ್ಪ! ಓದಲು ಅಂತ ಬಂದು ನಮ್ಮ ಮನೆಯಲ್ಲೇ ಇದ್ದ. ಈ ಗ್ರೂಪಿನಲ್ಲೂ ಇದ್ದಾನೆ, ಕೇಳಿಸಿಕೊಳ್ಳಲಿ. ಸೆಕೆಂಡ್‌ಹ್ಯಾಂಡ್ ಹೋಂಡಾ ಒಂದು ಕೊಂಡಿದ್ದ. ವೆಂಬ್ಲಿಯಿಂದ ಬಂದವನ ಬಾಯಲ್ಲಿ ಬೇರೆ ಮಾತೇ ಇಲ್ಲ. ಊಟಕ್ಕೆ ಕೂತರೂ ಎಡಗಾಲು ಚಾಚಿಕೊಂಡೇ ಕೂರುವುದು. ಅತ್ತಿಗೆ, ನೋಡಿ, ಪೆನ್‌ಹಾಲ್ ಹೀಗೆ, ಪೆನ್‌ಹಾಲ್ ಹಾಗೆ. ಅಕ್ಟೋಬರ್‌ನಲ್ಲಿ ಒಂದು ಶನಿವಾರ ರಾತ್ರಿ ಡಡ್ಲಿ ವುಡ್‌ನಿಂದ ನಾವು ಬಸ್ಸಿನಲ್ಲಿ ಬಂದೆವು, ಅವನು ಬೈಕ್‌ನಲ್ಲಿ. ಮಳೆ ಬಂದು ನಿಂತಿತ್ತು. ನಮ್ಮ ಬೀದಿಗೆ ತಿರುಗುವ ಕಡೆ ಒದ್ದೆ ಎಲೆ ರಾಶಿ ಬಿದ್ದಿತ್ತು. ಅಲ್ಲಿ ಎಡಗಾಲು ಇಳಿಸಿ, ಥ್ರಾಟಲ್ ಕೊಟ್ಟು, ಹಿಂದಿನ ಚಕ್ರ ಜಾರಿಸಿದ್ದಾನೆ ಮಹಾರಾಯ. ಕಾಲಲ್ಲಿ ಏನಿತ್ತು ಗೊತ್ತಾ? ಬೆಂಗಳೂರಿನಿಂದ ತಂದ ಬಾಟಾ ಶೂ.

ಎಲೆಯ ಮೇಲೆ ಚಕ್ರ ಜಾರಿತು, ಸರಿ. ಎಲೆ ಮುಗಿದು ಡಾಂಬರು ಬಂತಲ್ಲ, ಅಲ್ಲಿ ಟೈರು ಗಕ್ಕನೆ ಹಿಡಿದುಕೊಂಡಿತು. ಬೈಕ್ ಇವನನ್ನು ಮೇಲಕ್ಕೆಸೆದು ತಾನೂ ಬಂದು ಅವನ ಎಡಗಾಲ ಮೇಲೆ ಬಿತ್ತು. ಸ್ಪೀಡ್‌ವೇ ಟ್ರ್ಯಾಕಿನಲ್ಲಿ ಶೇಲ್ ಉದ್ದಕ್ಕೂ ಸಡಿಲವಾಗಿರುತ್ತದೆ, ಚಕ್ರ ಜಾರುತ್ತಲೇ ಇರುತ್ತದೆ. ರಸ್ತೆ ಹಾಗಲ್ಲ. ಒಂದು ಗೇಣು ಜಾರಿಸುತ್ತದೆ, ಮುಂದಿನ ಗೇಣು ಹಿಡಿಯುತ್ತದೆ. ಮೊಣಕಾಲ ಕೆಳಗಿನ ಮೂಳೆ ಎರಡು ಕಡೆ ಮುರಿದಿತ್ತು. ಕ್ರಿಸ್‌ಮಸ್‌ವರೆಗೂ ಪ್ಲಾಸ್ಟರ್ ಕಟ್ಟು. ಅವನನ್ನು ಮಹಡಿ ಹತ್ತಿಸಿ ಇಳಿಸಿ ನಿಮ್ಮ ದೊಡ್ಡಪ್ಪನಿಗೆ ಬೆನ್ನುನೋವು ಬಂದದ್ದು ಇವತ್ತಿಗೂ ಹೋಗಿಲ್ಲ. ತಿಪಟೂರಿನಿಂದ ನಿಮ್ಮ ಅಜ್ಜಿ ಕಾಗದ ಬರೆದರು, ಓದಲು ಕಳಿಸಿದ ಮಗನನ್ನು ಸರ್ಕಸ್ಸಿಗೆ ಕರೆದುಕೊಂಡು ಹೋದೆಯಾ ಅಂತ. ನನಗೆ! ಪೆನ್‌ಹಾಲ್‌ಗೆ ಬರೆಯಬೇಕಿತ್ತು ಅವರು.

ಅದಕ್ಕೆ ಹೇಳುವುದು ಪುಟ್ಟಿ, ರೇಸ್ ನೋಡಿ ಬಂದ ರಾತ್ರಿ ಹುಡುಗರ ಕೈಗೆ ಬೈಕ್ ಕೊಡಬಾರದು. ನೋಡಿದ್ದನ್ನು ರಸ್ತೆಯಲ್ಲಿ ಮಾಡಿ ನೋಡುವ ಆಸೆ ಆ ರಾತ್ರಿಯೇ ಬರುವುದು. ಬೆಳಗ್ಗೆ ಬರುವುದಿಲ್ಲ.

ಸಣ್ಣ ಚಿಕ್ಕಪ್ಪ ಈಗ ಮದುವೆಮನೆಗಳಲ್ಲಿ ಆ ಕಾಲು ತೋರಿಸಿ, ಪೆನ್‌ಹಾಲ್ ಜೊತೆ ರೇಸ್ ಮಾಡಿ ಬಿದ್ದೆ ಅನ್ನೋ ಹಾಗೆ ಮಾತಾಡುತ್ತಾನೆ. ನಿನ್ನ ಮಗನೂ ಆ ಕಥೆ ಕೇಳಿದ್ದಾನೆ, ಅದೇ ನನಗೆ ಭಯ. ಬಿದ್ದದ್ದು ನಮ್ಮ ಬೀದಿಯ ಕಸದ ಡಬ್ಬಿ ಹತ್ತಿರ.

ಆ ಅಮೆರಿಕದವರಿಗೇ ಏನೇನಾಯಿತು ಕೇಳು. ಉಕ್ಕಿನ ಅಟ್ಟೆ, ಚರ್ಮದ ಬಟ್ಟೆ, ಹೆಲ್ಮೆಟ್ ಎಲ್ಲ ಇದ್ದವರಿಗೆ. ವುಲ್ವರ್‌ಹ್ಯಾಂಪ್ಟನ್‌ಗೆ ಓಡಿಸುತ್ತಿದ್ದ ಸ್ಯಾಮ್ ಎರ್ಮೊಲೆಂಕೊ, 1989ರಲ್ಲಿ ಜರ್ಮನಿಯ ಹೆರ್ಕ್ಸ್‌ಹೈಮ್‌ನಲ್ಲಿ ಕಾಲು ಚೂರಾಗಿ ಮಲಗಿದ. ಮತ್ತೆ ಎದ್ದು 1993ರಲ್ಲಿ ವಿಶ್ವ ಚಾಂಪಿಯನ್ ಆದ, ಅದು ಬೇರೆ ಮಾತು. ಅದೇ 1989ರಲ್ಲಿ ಬ್ರಾಡ್‌ಫರ್ಡ್‌ನ ಓಡ್ಸಲ್‌ನಲ್ಲಿ ವಿಶ್ವ ಟೀಮ್ ಕಪ್ ಫೈನಲ್. ಮೊದಲನೇ ರೇಸು, ಮೊದಲನೇ ತಿರುವು, ನಾಲ್ವರೂ ಬಿದ್ದರು. ಅವರಲ್ಲಿ ನಮ್ಮ ಕ್ರೇಡ್ಲಿಯಲ್ಲಿ ಆಡಿದ್ದ ಅಮೆರಿಕದ ಲ್ಯಾನ್ಸ್ ಕಿಂಗ್ ಒಬ್ಬ. ಇನ್ನೊಬ್ಬ ನಮ್ಮ ಕ್ರೇಡ್ಲಿ ಟೀಮಿನ ಎರಿಕ್ ಗುಂಡರ್ಸನ್, ಡೆನ್ಮಾರ್ಕಿನವನು, ಮೂರು ಸಲದ ವಿಶ್ವ ಚಾಂಪಿಯನ್, ಜೀವ ಉಳಿದದ್ದೇ ಹೆಚ್ಚು. ಮತ್ತೆ ರೇಸಿಗಿಳಿಯಲಿಲ್ಲ. ಅಂಥವರಿಗೇ ಹಾಗಾದರೆ, ಬಾಟಾ ಶೂ ಹಾಕಿಕೊಂಡವನ ಗತಿ ಏನು ಹೇಳು. ಮತ್ತೆ ಹೇಳುತ್ತೇನೆ, ರೇಸ್ ನೋಡಿದ ರಾತ್ರಿ ಬೈಕ್ ಮುಟ್ಟುವುದು ಬೇಡ. ಫ್ರೆಂಡ್ ಓಡಿಸುತ್ತಾನೆ, ನಾನು ಹಿಂದೆ ಕೂರುತ್ತೇನೆ ಅಂದರೂ ಬೇಡ. ಹಿಂದೆ ಕೂತವನಿಗೆ ಕಾಲು ಇರುವುದಿಲ್ಲವಾ?

ಪೆನ್‌ಹಾಲ್ ಬುದ್ಧಿವಂತ. 1982ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತನ್ನ ಜನರ ಮುಂದೆ ಎರಡನೇ ಸಲ ಗೆದ್ದು, ಅಲ್ಲೇ ನಿವೃತ್ತಿ ಹೇಳಿ, ಟಿವಿ ಧಾರಾವಾಹಿಯಲ್ಲಿ ಮೋಟರ್‌ಸೈಕಲ್ ಪೊಲೀಸ್ ಆಗಲು ಹೊರಟುಹೋದ. ಕ್ರೇಡ್ಲಿಯವರ ಹೊಟ್ಟೆ ಉರಿಯಿತು. ನನಗೆ ಮಾತ್ರ ಸಮಾಧಾನವೇ ಆಯಿತು, ಎರಡು ಕಾಲೂ ನೆಟ್ಟಗಿಟ್ಟುಕೊಂಡು ಮನೆಗೆ ಹೋದನಲ್ಲ ಅಂತ.

ಹೊಟ್ಟೆ ಉರಿಯುವುದು ಅಂದರೆ ಡಡ್ಲಿ ವುಡ್ ವಿಷಯ. ಪೆನ್‌ಹಾಲ್ ಹೋದ ಮೇಲೂ ಅಮೆರಿಕದ ಹುಡುಗರು ಬರುವುದು ನಿಲ್ಲಲಿಲ್ಲ. ಲ್ಯಾನ್ಸ್ ಕಿಂಗ್ ಬಂದ, 1984ರಲ್ಲಿ ವಿಶ್ವದಲ್ಲಿ ಮೂರನೆಯವನಾದ. ಆಮೇಲೆ ಗ್ರೆಗ್ ಹ್ಯಾನ್‌ಕಾಕ್, ಅವನ ಹಿಂದೆಯೇ ಬಿಲ್ಲಿ ಹ್ಯಾಮಿಲ್. ಇಬ್ಬರೂ ಮೀಸೆ ಚಿಗುರುವ ಹುಡುಗರು, ಚಳಿಗೆ ನಡುಗುತ್ತಾ ನಿಂತಿರುತ್ತಿದ್ದರು. ಅವರು ಬೆಳೆದು ನಿಲ್ಲುವ ಹೊತ್ತಿಗೆ ಸರಿಯಾಗಿ 1995ರಲ್ಲಿ ಸ್ಟೇಡಿಯಂ ಬಾಗಿಲು ಹಾಕಿತು. ಜಾಗದಲ್ಲಿ ಮನೆ ಕಟ್ಟಬೇಕಂತೆ! ಜನ ಸಹಿ ಹಾಕಿದರು, ಮೆರವಣಿಗೆ ಮಾಡಿದರು, ಏನೂ ಆಗಲಿಲ್ಲ. 1996ರಲ್ಲಿ ನಮ್ಮ ಟೀಮು ಸ್ಟೋಕ್‌ಗೆ ಹೋಗಿ ಪರದೇಸಿ ಥರ ಆಡಬೇಕಾಯಿತು. ಮಜಾ ಕೇಳು, ಅದೇ ವರ್ಷ ಬಿಲ್ಲಿ ಹ್ಯಾಮಿಲ್ ವಿಶ್ವ ಚಾಂಪಿಯನ್. ಮುಂದಿನ ವರ್ಷ ಹ್ಯಾನ್‌ಕಾಕ್. ಅವನಂತೂ ಒಟ್ಟು ನಾಲ್ಕು ಸಲ ಆದ, ಕೊನೆಯದು 2016ರಲ್ಲಿ. ನಮ್ಮ ಮಣ್ಣಿನಲ್ಲಿ ಕಲಿತವರು ಗೆದ್ದು ಬಂದಾಗ ಹೂಮಾಲೆ ಹಾಕೋಣ ಅಂದರೆ ನಿಲ್ಲಲು ನಮ್ಮದು ಅಂತ ಜಾಗವೇ ಇಲ್ಲ. ಈಗ ಅಲ್ಲಿ ಸಾಲುಮನೆಗಳಿವೆ. ಪೆನ್‌ಹಾಲ್ ತಿರುಗಿಸುತ್ತಿದ್ದ ತಿರುವಿನಲ್ಲಿ ಯಾರೋ ಕಾರು ತೊಳೆಯುತ್ತಾರೆ. ಎಕ್ಸಿಟರ್ ಟ್ರ್ಯಾಕ್ 2005ರಲ್ಲಿ ಹೋಯಿತು, ರೆಡಿಂಗ್‌ದು 2008ರಲ್ಲಿ, ಎರ್ಮೊಲೆಂಕೊನ ವುಲ್ವರ್‌ಹ್ಯಾಂಪ್ಟನ್‌ನಲ್ಲೂ 2023ಕ್ಕೆ ನಿಂತೇಹೋಯಿತು. ಇಷ್ಟು ದೊಡ್ಡ ದೇಶದಲ್ಲಿ ಮನೆ ಕಟ್ಟಲು ಇವರಿಗೆ ಇದೇ ಜಾಗ ಸಿಗುವುದಾ? ದೊಡ್ಡಪ್ಪ ಒಳಗಿನಿಂದ ಕೂಗುತ್ತಿದ್ದಾರೆ, ಅವಳು ಕೇಳಿದ್ದಕ್ಕೆ ಉತ್ತರ ಕೊಡು ಅಂತ. ಅವರೂ ಬೇಜಾರಿನಿಂದ ಆ ಕಡೆ ಕಾರು ತಿರುಗಿಸುವುದೇ ಇಲ್ಲ, ಈಗ ನನಗೆ ಹೇಳುತ್ತಾರೆ.

ಹಾಂ ಪುಟ್ಟಿ, ನೀನು ಕೇಳಿದ್ದು ಕಳಿಸಲೋ ಬೇಡವೋ ಅಂತ. ಕಳಿಸು! ನೋಡುವುದಕ್ಕೆ ಯಾಕೆ ಬೇಡ? ಬೀಳುವವರು ಓಡಿಸುವವರು, ನೋಡುವವರಲ್ಲ. ಶೆಫೀಲ್ಡ್‌ನ ಔಲರ್ಟನ್ ಒಳ್ಳೆಯ ಹಳೆಯ ಟ್ರ್ಯಾಕು, ಬಹಳ ವೇಗದ್ದು. 80ರ ದಶಕದಲ್ಲಿ ಶಾನ್ ಮೊರಾನ್ ಅಂತ ಕ್ಯಾಲಿಫೋರ್ನಿಯಾ ಹುಡುಗ ಅಲ್ಲಿಯವರಿಗೆ ಮನೆಮಗನೇ ಆಗಿಹೋಗಿದ್ದ. ಅವನ ಅಣ್ಣ ಕೆಲ್ಲಿಯೂ ರೈಡರ್, 1979ರ ವಿಶ್ವ ಫೈನಲ್‌ನಲ್ಲಿ ನಾಲ್ಕನೆಯವನು. ನಿನ್ನ ಮಗ ಅಲ್ಲಿ ಯಾರಾದರೂ ತಲೆ ನರೆತವರ ಪಕ್ಕ ನಿಂತು ಮೊರಾನ್ ಅಂತ ಒಂದು ಮಾತೆತ್ತಲಿ, ಚಹಾ ಅವರೇ ಕೊಡಿಸುತ್ತಾರೆ.

ಹೋಗುವುದು ಟ್ರಾಮ್‌ನಲ್ಲಿ. ಹಿಲ್ಸ್‌ಬರೋ ಕಡೆ ಹೋಗುವುದು ಹತ್ತಲಿ, ಇಳಿದು ಸ್ವಲ್ಪ ನಡೆದರೆ ಸ್ಟೇಡಿಯಂ. ವಾಪಸ್ ಬರುವ ಟ್ರಾಮ್ ಎಷ್ಟು ಹೊತ್ತಿಗೆ ಅಂತ ಮೊದಲೇ ನೋಡಿಕೊಳ್ಳಲಿ. ತಿರುವಿನ ಹತ್ತಿರ ಬೇಲಿಗೆ ಅಂಟಿಕೊಂಡು ನಿಲ್ಲಬಾರದು, ಶೇಲ್ ಎರಚಿ ಕಣ್ಣಿಗೆ ಬೀಳುತ್ತದೆ. ಸ್ಟಾರ್ಟ್ ಗೆರೆಯ ಎದುರಿಗೆ, ಸ್ವಲ್ಪ ಮೇಲಿನ ಮೆಟ್ಟಿಲಲ್ಲಿ ನಿಂತರೆ ಎಲ್ಲ ಕಾಣುತ್ತದೆ. ಕನ್ನಡಕ ಇದ್ದರೆ ಹಾಕಿಕೊಳ್ಳಲಿ, ಲೆನ್ಸ್ ಬೇಡ. ನೀನು ಹೊಸದಾಗಿ ಕಳಿಸಿದ ಆ ಬಿಳಿ ಜಾಕೆಟ್ ಹಾಕಿಕೊಂಡು ಹೋಗದಿರಲಿ, ಕೆಂಪು ಕಲೆ ಸುಲಭಕ್ಕೆ ಹೋಗುವುದಿಲ್ಲ. ಕಿವಿಗೆ ಹತ್ತಿ. ಜೋರು ಮಳೆ ಬಂದರೆ ರೇಸ್ ರದ್ದು ಮಾಡುತ್ತಾರೆ, ಹೊರಡುವ ಮುಂಚೆ ಒಂದು ಸಲ ವಿಚಾರಿಸಿಕೊಳ್ಳಲಿ. ಅಷ್ಟೂ ಆಸೆಯಾಗಿ ತಾನೂ ಓಡಿಸಬೇಕು ಅಂದರೆ ಕಲಿಸುವವರು ಇರುತ್ತಾರೆ, ಬೈಕು, ಉಕ್ಕಿನ ಅಟ್ಟೆ ಎಲ್ಲ ಅವರ ಹತ್ತಿರವೇ ತೆಗೆದುಕೊಂಡು ಟ್ರ್ಯಾಕಿನ ಒಳಗೆ ಕಲಿಯಲಿ.

ಗುರುವಾರ ಮನೆ ಸೇರಿದ ಮೇಲೆ ನನಗೆ ಒಂದು ಫೋನ್ ಮಾಡಲು ಹೇಳು, ಎಷ್ಟು ಹೊತ್ತಾದರೂ ಪರವಾಗಿಲ್ಲ. ಹೊಸ ನಂಬರಿಗೆ ಮಾಡಲಿ, ಹಳೆಯದು ದೊಡ್ಡಪ್ಪ ಎತ್ತುವುದಿಲ್ಲ.