ಕೊನೆ ಬೀದಿಗೆ ನೀರು ಬರ್ತಿಲ್ಲ: ಬೋರ್ ಅರ್ಜಿಗೆ ಮೊದಲು ಲೈನ್ ನೋಡೋಣ

ಕೊನೆ ಬೀದಿ, ಬೇವಿನಮರದ ಮನೆ
ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ ಕೊನೆ ಬೀದಿಯ 12 ಮನೆಗೆ ನಲ್ಲಿ ನೀರು ಬಂದಿಲ್ಲ. ತೊಂಬೆ ನೀರೇ ಗತಿ. ಇನ್ನೊಂದು ಬೋರ್ ಕೊರೆಸಿ ಅಂತ ಪಂಚಾಯ್ತಿಗೆ ಅರ್ಜಿ ಬರೆದಿದ್ದೀವಿ, ಎಲ್ಲರೂ ಸಹಿ ಹಾಕಬೇಕು.

ಟ್ಯಾಂಕ್ ರಸ್ತೆ, ಪೈಪ್ ಕೆಲಸದವರು
ಅಕ್ಕ, ಬೋರ್ ಅರ್ಜಿ ಎರಡು ವಾರ ತಡೀರಿ. ಜಲಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಊರಲ್ಲಿ ಸುಮಾರು 500 ಜನ, ಅಂದ್ರೆ 27,500 ಲೀಟರ್ ಸಾಕು. ಟ್ಯಾಂಕ್ 50,000 ಲೀಟರಿನದು, ದಿನಕ್ಕೊಂದು ಸಲ ತುಂಬ್ತಿದೆ. ನೀರಿದೆ, ದಾರಿಯಲ್ಲಿ ಹೋಗ್ತಿದೆ. ಹೊಸ ಬೋರ್ ಹಾಕಿದರೂ ಅದೇ ದಾರಿಯಲ್ಲೇ ಹೋಗುತ್ತೆ.

ಒತ್ತಡ ಹೋಗೋದು ಮೂರು ಕಡೆ. ನಲ್ಲಿ ತಿರುಪು ಇಲ್ಲದ ಪೈಪುಗಳು ಮೊದಲನೇದು. ಅರ್ಧ ಇಂಚಿನ ಪೈಪ್ ಬಾಯಿ ಬಿಟ್ಟಿದ್ರೆ ನಿಮಿಷಕ್ಕೊಂದು ಬಿಂದಿಗೆ ಚರಂಡಿಗೆ. ಎರಡನೇದು ಲೈನಿಗೇ ನೇರ ಕೂಡಿಸಿರೋ ಅರ್ಧ ಎಚ್‌ಪಿ ಮೋಟಾರ್‌ಗಳು. ಮೂರನೇದು ಮಣ್ಣಲ್ಲಿ ಹೂತು ಹೋಗಿರೋ ಗೇಟ್ ವಾಲ್ವ್, ಅಂದ್ರೆ ಬೀದಿಗೆ ನೀರು ಬಿಡೋಕೆ, ನಿಲ್ಲಿಸೋಕೆ ತಿರುಗಿಸೋದು. ಅದು ತಿರುಗಲ್ಲ ಅನ್ನೋ ಕಾರಣಕ್ಕೇ ಮೇಲಿನ ಬೀದಿ, ಕೊನೆ ಬೀದಿ ಎರಡಕ್ಕೂ ಒಟ್ಟಿಗೇ ನೀರು ಬಿಡ್ತಿದ್ದಾರೆ.

ಮೇಲಿನ ಬೀದಿ, ಮಹಡಿ ಮನೆ
ಅಣ್ಣ, ಮೋಟಾರ್ ಇಲ್ದೆ ನಮ್ಮ ಮಹಡಿಗೆ ನೀರು ಏರಲ್ಲ. ಕಿತ್ತುಹಾಕಿ ಅಂದ್ರೆ ನಾವೇನು ಮಾಡೋದು?

ಟ್ಯಾಂಕ್ ರಸ್ತೆ, ಪೈಪ್ ಕೆಲಸದವರು
ಕೀಳೋದು ಬೇಡ, ಜಾಗ ಬದಲಾಯಿಸಿ. ನೆಲದ ಮೇಲೆ 500 ಲೀಟರ್ ಸಿಂಟೆಕ್ಸ್ ಇಡಿ, ಒಳಗೆ ಬಾಲ್ ವಾಲ್ವ್ ಹಾಕಿ. ಲೈನ್ ನೀರು ತಾನಾಗೇ ಅದಕ್ಕೆ ಬೀಳುತ್ತೆ, ತುಂಬಿದ ಮೇಲೆ ನಿಂತುಕೊಳ್ಳುತ್ತೆ. ಅಲ್ಲಿಂದ ಮಹಡಿಗೆ ಮೋಟಾರ್ ಎಷ್ಟು ಹೊತ್ತಾದರೂ ಓಡಿಸಿ, ಯಾರಿಗೂ ತೊಂದರೆ ಇಲ್ಲ.

ಆಶಾ ಕಾರ್ಯಕರ್ತೆ
ಮೋಟಾರ್ ವಿಷಯ ಬರೀ ಪಾಲಿನ ಪ್ರಶ್ನೆ ಅಲ್ಲ. ಲೈನಿಂದ ಎಳೆದಾಗ ಪೈಪೊಳಗೆ ಒತ್ತಡ ಇಳಿದು ಹೊರಗಿನ ನೀರು ಒಳಕ್ಕೆ ಬರುತ್ತೆ. ಕೊನೆ ಬೀದಿ ತಿರುವಿನಲ್ಲಿ ಪೈಪ್ ಚರಂಡಿ ದಾಟೋ ಕಡೆ ಜಾಯಿಂಟ್ ಸೋರ್ತಿದೆ. ನೀರು ಬಿಟ್ಟಾಗ ಹೊರಕ್ಕೆ ಜಿನುಗೋ ಜಾಗದಿಂದಲೇ, ಎಳೆದಾಗ ಚರಂಡಿ ನೀರು ಒಳಕ್ಕೆ. ಮಕ್ಕಳಿಗೆ ವಾಂತಿ-ಭೇದಿ ಬರೋ ದಾರಿ ಇದು. ಆ ಜಾಯಿಂಟ್ ಮೊದಲು ಆಗಲಿ. ಅಲ್ಲೀವರೆಗೆ ನೀರು ಬಂದ ಮೊದಲ ಐದು ನಿಮಿಷದ್ದು ಗಿಡಕ್ಕೆ ಹಾಕಿ, ಕುಡಿಯೋ ನೀರು ಕುದಿಸಿ.

ಪಂಚಾಯ್ತಿಗೆ ಕೊಟ್ಟಿರೋ ಪರೀಕ್ಷೆ ಕಿಟ್‌ನಲ್ಲಿ ಎಚ್‌2ಎಸ್ ಬಾಟಲಿ ಇರುತ್ತೆ. ಗೆರೆವರೆಗೆ ನೀರು ತುಂಬಿ 24ರಿಂದ 48 ಗಂಟೆ ಇಡಬೇಕು. ಕಪ್ಪಾದರೆ ಕೊಳಕು ಸೇರಿದೆ ಅಂತ. ಎರಡು ಬಾಟಲಿ ಬೇಕು: ಒಂದು ಟ್ಯಾಂಕ್ ಬುಡದ ನಲ್ಲಿಗೆ, ಒಂದು ಕೊನೆ ಮನೆಗೆ. ಮೊದಲನೇದು ಸರಿ ಇದ್ದು ಎರಡನೇದು ಕಪ್ಪಾದರೆ ತಪ್ಪು ಲೈನಿನಲ್ಲೇ.

ಕೊನೆ ಬೀದಿ, ಬೇವಿನಮರದ ಮನೆ
ಕುದಿಸಿದರೆ ಫ್ಲೋರೈಡೂ ಹೋಗುತ್ತಾ ಅಕ್ಕ?

ಆಶಾ ಕಾರ್ಯಕರ್ತೆ
ಇಲ್ಲ. ನೀರು ಆವಿಯಾಗಿ ಕಡಿಮೆ ಆಗುತ್ತೆ, ಫ್ಲೋರೈಡ್ ಅಷ್ಟೇ ಉಳಿಯುತ್ತೆ, ಆದ್ದರಿಂದ ಇನ್ನೂ ಗಟ್ಟಿಯಾಗುತ್ತೆ. ಬೋರ್ ನೀರಲ್ಲಿ ಫ್ಲೋರೈಡ್ ಹೆಚ್ಚಿರೋ ನಮ್ಮ ಪಾವಗಡ ಸೀಮೆಯಲ್ಲಿ ಇದು ನೆನಪಿರಬೇಕು. ಕುಡಿಯೋಕೆ, ಅಡುಗೆಗೆ ಶುದ್ಧ ನೀರಿನ ಘಟಕದ ನೀರು. ಮಿಕ್ಕಿದ್ದಕ್ಕೆಲ್ಲ ನಲ್ಲಿ ನೀರು. ಘಟಕದ ನೀರು ಸಿಗದ ದಿನಕ್ಕೆ ಮಾತ್ರ ಕುದಿಸೋ ಮಾತು.

ಹೈಸ್ಕೂಲ್ ಮೇಷ್ಟ್ರು
ಕ್ರಿಮಿ ಸಾಯಲಿ ಅಂತ ಟ್ಯಾಂಕಿಗೆ ಹಾಕೋ ಕ್ಲೋರಿನ್ ಲೆಕ್ಕವನ್ನೂ ಸರಿಮಾಡೋಣ. ಲೀಟರಿಗೆ 2 ಮಿಲಿಗ್ರಾಂ ಅಂದ್ರೆ 50,000 ಲೀಟರಿಗೆ 100 ಗ್ರಾಂ ಕ್ಲೋರಿನ್. ಬ್ಲೀಚಿಂಗ್ ಪೌಡರಿನಲ್ಲಿ ಕಾಲುಭಾಗ ಕ್ಲೋರಿನ್ ಹಿಡಿದರೆ 400 ಗ್ರಾಂ ಪೌಡರ್. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ ಅರ್ಧ ಗಂಟೆ ಬಿಟ್ಟು ತಿಳಿ ಮಾತ್ರ ಟ್ಯಾಂಕಿಗೆ ಹಾಕಬೇಕು. ಸುಣ್ಣದ ಗಷ್ಟು ಹಾಕಿದರೆ ಟ್ಯಾಂಕ್ ತಳದಲ್ಲಿ ಕೂರುತ್ತೆ. ಹಾಕಿ ಅರ್ಧ ಗಂಟೆ ಕಳೆದ ಮೇಲೇ ವಾಲ್ವ್ ತೆಗೀಬೇಕು. ಕೊನೆ ಮನೆ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಚೀಲದ ಬಾಯಿ ಬಿಚ್ಚಿಟ್ಟರೆ ಪೌಡರಿನ ಸತ್ವ ಹೋಗುತ್ತೆ. ತಿಂಗಳುಗಟ್ಟಲೆ ತೆರೆದಿಟ್ಟ ಚೀಲದ್ದು 400 ಗ್ರಾಂ ಹಾಕಿದರೂ ಪ್ರಯೋಜನ ಇಲ್ಲ.

ಟ್ಯಾಂಕ್ ರಸ್ತೆ, ಪೈಪ್ ಕೆಲಸದವರು
ಭಾನುವಾರ ಬೆಳಿಗ್ಗೆ 6ಕ್ಕೆ ವಾಲ್ವ್ ಗುಂಡಿ ತೆಗೆಯೋಣ. ನೀರುಗಂಟಿಯವರು ಇದ್ದಾಗಲೇ ಮುಟ್ಟಬೇಕು. ಎರಡು ಸಲಿಕೆ, ಬಾಂಡ್ಲಿ, ಎಣ್ಣೆ ಡಬ್ಬಿ, ವಾಲ್ವ್ ಕಡ್ಡಿ ಸುತ್ತ ಸೋರದಂತೆ ತುಂಬೋ ಗ್ಲ್ಯಾಂಡ್ ಪ್ಯಾಕಿಂಗ್ ದಾರ ಬೇಕು. ದೊಡ್ಡ ಸ್ಪಾನರ್ ಹಾಕಿ ಜಗ್ಗಬೇಡಿ, ಸ್ಪಿಂಡಲ್ (ಆ ಕಡ್ಡಿ) ಮುರಿದರೆ ವಾಲ್ವನ್ನೇ ಬದಲಾಯಿಸಬೇಕು. ಎಣ್ಣೆ ಬಿಟ್ಟು ಅರ್ಧ ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ, ಹಾಗೇ ಸಡಿಲಿಸಬೇಕು.

ವಾಲ್ವ್ ತಿರುಗಿದರೆ ಸರದಿ ಹೀಗಿರಲಿ: ಟ್ಯಾಂಕ್ ತುಂಬಿದ್ದಾಗಲೇ ಒತ್ತಡ ಹೆಚ್ಚು, ಆದ್ದರಿಂದ ಮೇಲಿನ ಬೀದಿ ವಾಲ್ವ್ ಮುಚ್ಚಿ ಕೊನೆ ಬೀದಿಗೆ ಮೊದಲ ಒಂದು ಗಂಟೆ. ಆಮೇಲೆ ಮೇಲಿನ ಬೀದಿಗೆ; ಅವರಿಗೆ ಟ್ಯಾಂಕ್ ಅರ್ಧ ಇದ್ದರೂ ಬರುತ್ತೆ. ತೆಗೆಯುವಾಗ ನಿಧಾನ, ಒಂದೇ ಸಲ ಬಿಟ್ಟರೆ ನೀರಿನ ಹೊಡೆತಕ್ಕೆ ಜಾಯಿಂಟ್ ಬಿಚ್ಚುತ್ತೆ.

ಅಕ್ಕ, ನಿಮ್ಮ ಬೀದಿಯವರು ಅಳತೆ ಬರೆದಿಡಿ. 15 ಲೀಟರ್ ಬಕೆಟ್ ಮೂರು ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 5 ಲೀಟರ್. ಐದು ಜನರ ಮನೆಗೆ ಬೇಕಾದ 275 ಲೀಟರ್ 55 ನಿಮಿಷದಲ್ಲಿ ಸಿಗುತ್ತೆ. ಅದಕ್ಕಿಂತ ನಿಧಾನ ಆದರೆ ಮತ್ತೆ ಹುಡುಕೋಣ.

ಹೈಸ್ಕೂಲ್ ಮೇಷ್ಟ್ರು
ಅರ್ಜಿ ನಾನು ಬರೆದುಕೊಡ್ತೀನಿ. ಪಿಡಿಒ ಅವರಿಗೆ, ಮೂರೇ ಬೇಡಿಕೆ: ಚರಂಡಿ ದಾಟೋ ಕಡೆ ಹೊಸ ಪೈಪು ಮತ್ತು ಅದರ ಮೇಲೆ ರಕ್ಷಣಾ ಕೊಳವೆ; ವಾಲ್ವ್ ಗುಂಡಿಗೆ ಕಲ್ಲುಚಪ್ಪಡಿ; ತಿರುಪಿಲ್ಲದ ಮನೆಗಳಿಗೆ ನಲ್ಲಿ ಹಾಕಿಸುವಂತೆ ನೋಟಿಸ್. ಬಕೆಟ್ ಅಳತೆ, ಬಾಟಲಿಯ ಫೋಟೋ ಜೊತೆಗಿರಲಿ. ಎರಡು ಪ್ರತಿ ಒಯ್ದು ಒಂದರ ಮೇಲೆ ತಾರೀಖು, ಸೀಲು ಹಾಕಿಸಿಕೊಳ್ಳಿ. ವಾರ್ಡ್ ಸಭೆಯಲ್ಲಿ ಓದಿಸಿ ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಲ್ಲಿ ಒಪ್ಪಿದ್ದು ಕ್ರಿಯಾಯೋಜನೆಗೆ ಹತ್ತಲ್ಲ.

ಮೇಲಿನ ಬೀದಿ, ಮಹಡಿ ಮನೆ
ಸಿಂಟೆಕ್ಸ್ ಈ ವಾರ ತರ್ತೀವಿ. ಅಲ್ಲೀವರೆಗೆ ಕೊನೆ ಬೀದಿಯ ಒಂದು ಗಂಟೆ ನಮ್ಮ ಮೋಟಾರ್ ಹಾಕಲ್ಲ. ಪಕ್ಕದ ಮೂರು ಮನೆಯವರ ಹತ್ತಿರವೂ ಮಾತಾಡಿದ್ದೀನಿ, ಇಬ್ಬರು ಒಪ್ಪಿದ್ದಾರೆ. ಇನ್ನೊಂದು ಮನೆಗೆ ಮೇಷ್ಟ್ರು ಒಂದು ಸಲ ಬಂದು ಹೇಳಿದರೆ ಚೆನ್ನ.

ಕೊನೆ ಬೀದಿ, ಬೇವಿನಮರದ ಮನೆ
ಬೋರ್ ಅರ್ಜಿ ಪಕ್ಕಕ್ಕಿಟ್ಟಿದ್ದೀವಿ. ಭಾನುವಾರ ನಮ್ಮ ಬೀದಿಯಿಂದ ಆರು ಜನ, ಸಲಿಕೆ ಎರಡೂ ನಮ್ಮದೇ.