ರಷ್ಯಾದ ಹೊಸ ನಾಟಕ: ನೆಲಮಾಳಿಗೆಯಾಚೆ ಅದರ ಪ್ರಭಾವವೆಷ್ಟು?

ರಂಗಾಸಕ್ತ:
ಇತ್ತೀಚಿನ ಬದುಕನ್ನು ನೇರವಾಗಿ ರಂಗಕ್ಕೆ ತಂದ ರಷ್ಯನ್ ರಂಗಚಳವಳಿಗೆ ‘ಹೊಸ ನಾಟಕ’ ಎಂದು ಹೆಸರು. 2002ರಲ್ಲಿ ನಾಟಕಕಾರರಾದ ಎಲೆನಾ ಗ್ರೆಮಿನಾ, ಮಿಖಾಯಿಲ್ ಉಗಾರೊವ್ ಮತ್ತು ಅವರ ಸಂಗಡಿಗರು ಮಾಸ್ಕೋದ ನೆಲಮಾಳಿಗೆಯೊಂದರಲ್ಲಿ ಕಟ್ಟಿದ ‘ತಿಯಾತ್ರ್ ಡಾಕ್’ ರಂಗತಂಡ, ಕೈದಿಗಳೂ ವಲಸೆ ಕಾರ್ಮಿಕರೂ ನಿಜವಾಗಿ ಆಡಿದ ಮಾತುಗಳಿಂದಲೇ ನಾಟಕಗಳನ್ನು ರೂಪಿಸಿತು. 2009ರಲ್ಲಿ ಅಧಿಕಾರಿಗಳ ಮೇಲೆ ವಂಚನೆಯ ಆರೋಪ ಹೊರಿಸಿದ್ದ ತೆರಿಗೆ ಸಲಹೆಗಾರ, ವಿಚಾರಣಾಧೀನ ಕೈದಿ ಸೆರ್ಗೆಯ್ ಮ್ಯಾಗ್ನಿಟ್ಸ್ಕಿ ಮಾಸ್ಕೋದ ಸೆರೆಮನೆಯಲ್ಲಿ ತೀರಿಕೊಂಡರು. ಅವರು ವೈದ್ಯರ ನೆರವಿಲ್ಲದೆ ಕಳೆದರೆನ್ನಲಾದ ಅವಧಿಯನ್ನೇ ಹೆಸರಾಗಿಸಿಕೊಂಡ ‘ಒಂದು ಗಂಟೆ ಹದಿನೆಂಟು ನಿಮಿಷ’ ಮರುವರ್ಷವೇ ರಂಗಕ್ಕೆ ಬಂದು, ನ್ಯಾಯಾಧೀಶರನ್ನೂ ತನಿಖಾಧಿಕಾರಿಯನ್ನೂ ವೈದ್ಯರನ್ನೂ ಕಟಕಟೆಯಲ್ಲಿ ನಿಲ್ಲಿಸಿತು. ನಾಟಕದ ಸಾಮಾಜಿಕ ಹೊಣೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಕಾಣದು.

ಹಿಂಬೆಂಚಿನ ಪ್ರೇಕ್ಷಕ:
ಹೊಣೆ ನಿಜ, ಪ್ರಭಾವ ಬೇರೆ. ಆ ಪುಟ್ಟ ಕೋಣೆಗೆ ಬರುತ್ತಿದ್ದವರು ಬಹುಮಟ್ಟಿಗೆ ಮೊದಲೇ ಒಪ್ಪಿಕೊಂಡವರು. ಅಲ್ಲದೆ, ಕೇಳಿದ ಮಾತನ್ನು ಹಾಗೆಯೇ ಒಪ್ಪಿಸುವುದು ವರದಿಗಾರಿಕೆಯಾದೀತೇ ಹೊರತು ನಾಟಕವಾಗದು. ಯೆಕಟೆರಿನ್‌ಬರ್ಗ್‌ನಲ್ಲಿ ನಿಕೊಲಾಯ್ ಕೊಲ್ಯಾದಾ ಅವರ ಬಳಿ ಕಲಿತ ವಸಿಲಿ ಸಿಗರೆವ್ ಅವರ ‘ಪ್ಲಾಸ್ಟಿಸಿನ್’ ಯಾವ ಕಡತವನ್ನೂ ಉದ್ಧರಿಸದೆ, ಒಬ್ಬ ಹುಡುಗನ ಪಾಡಿನ ಮೂಲಕ ಸಣ್ಣ ಊರಿನ ಕ್ರೌರ್ಯವನ್ನು ಇನ್ನೂ ಆಳವಾಗಿ ತೋರಿಸುತ್ತದೆ.

ಕೃತಿಕಾ:
ಹಾಗೆಯೇ ಒಪ್ಪಿಸುತ್ತಾರೆ ಎಂಬ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಯಾವುದನ್ನು ಆರಿಸಬೇಕು, ಯಾವುದರ ಪಕ್ಕ ಯಾವುದನ್ನು ಇಡಬೇಕು ಎಂಬಲ್ಲಿಯೇ ನಾಟಕಕಾರರ ಕೈ ಕಾಣುತ್ತದೆ. ಅಂತರ್ಜಾಲದ ಪರಿಚಯದಿಂದ ಉಗ್ರಗಾಮಿಗಳನ್ನು ವರಿಸಿ ಸಿರಿಯಾಕ್ಕೆ ಹೊರಟ ರಷ್ಯನ್ ಹೆಣ್ಣುಮಕ್ಕಳ ಕುರಿತ ‘ಫಿನಿಸ್ಟ್’ ನಾಟಕದಲ್ಲಿ ಸ್ವೆಟ್ಲಾನಾ ಪೆಟ್ರಿಯ್ಚುಕ್ ವಿಚಾರಣೆಯ ದಾಖಲೆಗಳ ಜೊತೆ ಜನಪದ ಕಥೆಯನ್ನು ಹೆಣೆದಿದ್ದಾರೆ. ಅದಕ್ಕೆ 2022ರಲ್ಲಿ ರಷ್ಯಾದ ರಾಷ್ಟ್ರೀಯ ರಂಗಪ್ರಶಸ್ತಿಯಾದ ‘ಗೋಲ್ಡನ್ ಮಾಸ್ಕ್’ ಬಂತು. 2024ರ ಜುಲೈಯಲ್ಲಿ ಅದೇ ನಾಟಕಕ್ಕಾಗಿ ಅವರಿಗೂ ನಿರ್ದೇಶಕಿ ಜೆನ್ಯಾ ಬೆರ್ಕೊವಿಚ್ ಅವರಿಗೂ, ಭಯೋತ್ಪಾದನೆಯ ಸಮರ್ಥನೆ ಎಂಬ ಆರೋಪದ ಮೇಲೆ, ಮಿಲಿಟರಿ ನ್ಯಾಯಾಲಯ ತಲಾ ಆರು ವರ್ಷಗಳ ಸೆರೆ ವಿಧಿಸಿತು. ಯಾರನ್ನೂ ಮುಟ್ಟದ ನಾಟಕಕ್ಕೆ ಈ ಶಿಕ್ಷೆಯೇ?

ಹಿಂಬೆಂಚಿನ ಪ್ರೇಕ್ಷಕ:
ಶಿಕ್ಷೆ ಪ್ರಭುತ್ವದ ಅಳುಕನ್ನು ತಿಳಿಸುತ್ತದೆ. ಸಮಾಜ ಏನನ್ನು ಗ್ರಹಿಸಿತು ಎಂಬುದನ್ನಲ್ಲ. ಬೆರ್ಕೊವಿಚ್ ಯುದ್ಧವಿರೋಧಿ ಕವಿತೆಗಳನ್ನೂ ಬರೆದಿದ್ದರು; ಮೊಕದ್ದಮೆಯ ನಿಜವಾದ ಕಾರಣ ಅವೇ ಎಂದು ನಂಬುವವರು ಬಹಳ ಮಂದಿ ಇದ್ದಾರೆ. (2022ರಲ್ಲಿ ಮಾಸ್ಕೋದ ಹೆಸರಾಂತ ಪ್ರಯೋಗಶೀಲ ರಂಗಮಂದಿರ ಗೊಗೊಲ್ ಸೆಂಟರ್ ಮುಚ್ಚಿದಾಗಲೂ ಬೀದಿ ತುಂಬಿ ಹರಿಯಲಿಲ್ಲ.)

ಕಾನೂನು ವಿದ್ಯಾರ್ಥಿ:
ಪ್ರಭಾವವನ್ನು ಜನರ ತಲೆ ಎಣಿಸಿಯೇ ಅಳೆಯಬೇಕೆಂದರೆ ಹಿಂಬೆಂಚಿನವರ ವಾದ ಸರಿ. ಆದರೆ ಮ್ಯಾಗ್ನಿಟ್ಸ್ಕಿ ಪ್ರಕರಣವನ್ನೇ ನೋಡಿ: ವಿಚಾರಣೆಗೆ ಗುರಿಯಾದ ಸೆರೆಮನೆಯ ವೈದ್ಯಾಧಿಕಾರಿ 2012ರಲ್ಲಿ ಖುಲಾಸೆಯಾದರು, 2013ರಲ್ಲಿ ನ್ಯಾಯಾಲಯ ಸತ್ತವರನ್ನೇ ತೆರಿಗೆ ವಂಚನೆಯ ಅಪರಾಧಿಯೆಂದು ಘೋಷಿಸಿತು. ಆ ಅಧಿಕಾರಿಗಳ ಉತ್ತರದಾಯಿತ್ವವನ್ನು ರಷ್ಯಾದೊಳಗೆ, ಜನರ ಎದುರಿಗೆ ಪ್ರಶ್ನಿಸಿದ ವಿಚಾರಣೆ ನಾಟಕದಲ್ಲಿ ನಡೆಯಿತು, ನ್ಯಾಯಾಲಯದಲ್ಲಿ ಅಲ್ಲ.