ಜಿಪಿಎಸ್ ಫಿಕ್ಸ್ ಬಂದರೂ ಗಡಿಯಾರ ತಪ್ಪು, ಎಫ್‌ಟಿ8 ಡಿಕೋಡ್ ಆಗುತ್ತಿಲ್ಲ

ಬೆಣ್ಣೆನಗರಿ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಎಫ್‌ಟಿ8 (ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳಿಸುವ ಹ್ಯಾಮ್ ರೇಡಿಯೊ ವಿಧಾನ) ಕೇಳೋದಕ್ಕೆ ಒಂದು ಹಳೆಯ ಲಿನಕ್ಸ್ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೇನೆ. ಮನೆಯಲ್ಲಿ ಇಂಟರ್ನೆಟ್ ಸಮಯವೇ ಸಾಕು. ಆದರೆ ಹರಿಹರದ ಕಡೆ ನಮ್ಮ ಹೊಲದಲ್ಲಿ ಆಂಟೆನಾ ಕಟ್ಟಿದಾಗ ನೆಟ್‌ವರ್ಕ್ ಸಿಗಲ್ಲ. ಅದಕ್ಕೆ ನಿಯೋ-6ಎಂ ಜಿಪಿಎಸ್ ಮಾಡ್ಯೂಲ್ ಹಾಕಿದೆ. ಜಿಪಿಎಸ್‌ಡಿ, ಕ್ರೋನಿ ಎಂಬ ಎರಡು ತಂತ್ರಾಂಶಗಳು ಸೇರಿ ಗಡಿಯಾರ ಹೊಂದಿಸುತ್ತವೆ. ಸದ್ಯಕ್ಕೆ ಮನೆಯಲ್ಲೇ ಪರೀಕ್ಷೆ ಮಾಡುತ್ತಿದ್ದೇನೆ.

ಆನ್ ಮಾಡಿದ ಒಂದೆರಡು ನಿಮಿಷಕ್ಕೆ ಫಿಕ್ಸ್ ಬರುತ್ತದೆ (ಅಂದರೆ ಜಾಗ ಸಿಗುತ್ತದೆ), ಲೈಟ್ ಮಿನುಗುತ್ತದೆ. ರೇಡಿಯೊ 14.074 ಮೆಗಾಹರ್ಟ್ಸ್‌ಗೆ ಇಟ್ಟರೆ ವಾಟರ್‌ಫಾಲ್ (ಸಿಗ್ನಲ್‌ಗಳನ್ನು ತೋರಿಸುವ ಪರದೆ) ತುಂಬಾ ಗೆರೆಗಳು. ಡಿಕೋಡ್ (ಸಿಗ್ನಲ್ ಅನ್ನು ಸಂದೇಶವಾಗಿ ಓದಿಕೊಳ್ಳುವುದು) ಮಾತ್ರ ಒಂದೂ ಇಲ್ಲ. ಮುಕ್ಕಾಲು ಗಂಟೆ ಹಾಗೇ ಬಿಟ್ಟರೆ ತಾನಾಗೇ ಡಿಕೋಡ್ ಶುರುವಾಗುತ್ತದೆ. ಮರುದಿನ ಮತ್ತೆ ಅದೇ ಕಥೆ. ಮಾಡ್ಯೂಲ್ ಹಾಳಾಗಿದೆಯಾ?

ಜೋಗಿಮಟ್ಟಿ, ಚಿತ್ರದುರ್ಗ:

ಹಾಳಾಗಿರಲಿಕ್ಕಿಲ್ಲ ಸರ್. ಮೂರು ವಿಷಯ ಹೇಳಿ. ಡಿಕೋಡ್ ಆಗದಿರುವಾಗ ಮಾಡ್ಯೂಲ್ ಕಳಿಸುವ ಸಾಲುಗಳ ಪೈಕಿ ಸಮಯ, ಜಾಗ ಹೇಳುವ ಆರ್‌ಎಂಸಿ ಸಾಲಿನಲ್ಲಿ ಎಷ್ಟು ಸಮಯ ಇದೆ, ಅದೇ ಹೊತ್ತಿಗೆ ಇಂಟರ್ನೆಟ್‌ಗೆ ಹೊಂದಿಸಿದ ಫೋನಿನಲ್ಲಿ ಎಷ್ಟು? ಕಾಣುವ ಉಪಗ್ರಹಗಳ ಪಟ್ಟಿ ಕೊಡುವ ಜಿಎಸ್‌ವಿ ಸಾಲುಗಳಲ್ಲಿ ಪ್ರತಿ ಉಪಗ್ರಹದ ಕೊನೆಯ ಅಂಕಿ (ಸಿಗ್ನಲ್ ಬಲ) ಎಷ್ಟು ಬರುತ್ತಿದೆ? ಜಿಪಿಎಸ್ ಆಂಟೆನಾ ಎಲ್ಲಿದೆ?

ಬೆಣ್ಣೆನಗರಿ:

ಆರ್‌ಎಂಸಿಯಲ್ಲಿ 143512.00 (ಅಂದರೆ 14:35:12), ಪಕ್ಕದಲ್ಲಿ ‘ಎ’ ಅಂತ ಇದೆ. ಆಗ ಫೋನಿನಲ್ಲಿ ರಾತ್ರಿ 8:05:09. ಅಂದರೆ ಐದೂವರೆ ಗಂಟೆ ಕೂಡಿಸಿದರೆ ಜಿಪಿಎಸ್ 3 ಸೆಕೆಂಡ್ ಮುಂದಿದೆ. ಜಿಎಸ್‌ವಿ ಅಂಕಿಗಳು 22, 27, 19, 31, ಹೀಗೆ. ಮಹಡಿ ಮೇಲೆ ತಗಡಿನ ಶೀಟ್ ಹಾಕಿದ ರೂಮು. ಮಾಡ್ಯೂಲ್ ಕಿಟಕಿ ಸರಳಿನ ಹತ್ತಿರ, ಲ್ಯಾಪ್‌ಟಾಪ್ ಪಕ್ಕದಲ್ಲೇ ಇದೆ.

ಜೋಗಿಮಟ್ಟಿ:

ಹಾಗಾದರೆ ಕಾರಣ ಸಿಕ್ಕಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ಸಮಯದ ತಪ್ಪು ಮತ್ತು ಸಿಗ್ನಲ್ ಗುಣಮಟ್ಟ ಎರಡೂ ಒಂದಕ್ಕೊಂದು ಗಂಟು ಬಿದ್ದಿವೆ.

ಜಿಪಿಎಸ್ ತನ್ನದೇ ಸಮಯ ನಡೆಸುತ್ತದೆ. ಅದು 1980ರ ಜನವರಿ 6ರಂದು ಶುರುವಾಗಿದ್ದು, ಲೀಪ್ ಸೆಕೆಂಡ್ (ಭೂಮಿಯ ತಿರುಗುವಿಕೆಗೆ ಹೊಂದಿಸಲು ಕೂಡಿಸುವ ಒಂದು ಸೆಕೆಂಡ್) ಸೇರಿಸಿಕೊಳ್ಳುವುದಿಲ್ಲ. ಯುಟಿಸಿಗೆ (ಜಗತ್ತಿನ ಅಧಿಕೃತ ಸಮಯ) ಮಾತ್ರ ಆಗಾಗ ಸೇರಿಸುತ್ತಾ ಬಂದಿದ್ದಾರೆ. ಹಾಗಾಗಿ 2017ರ ಜನವರಿ 1ರಿಂದ ಜಿಪಿಎಸ್ ಸಮಯ ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ. ಎಷ್ಟು ಕಳೆಯಬೇಕು ಅಂತ ಉಪಗ್ರಹವೇ ಹೇಳುತ್ತದೆ. ಆದರೆ ಆ ಮಾತು ಬರುವುದು 12.5 ನಿಮಿಷಕ್ಕೆ ಒಂದೇ ಸಲ. ಜಾಗ ಲೆಕ್ಕ ಹಾಕಲು ಬೇಕಾದ ಕಕ್ಷೆಯ ಮಾಹಿತಿ ಪ್ರತಿ 30 ಸೆಕೆಂಡಿಗೆ ಬರುತ್ತದೆ. ಅದಕ್ಕೇ ಫಿಕ್ಸ್ ಬೇಗ, ಸರಿಯಾದ ಸಮಯ ತಡ. ಆರ್‌ಎಂಸಿಯ ‘ಎ’ ಹೇಳುವುದು ಜಾಗ ಸಿಕ್ಕಿದೆ ಅಂತ ಅಷ್ಟೇ. ಲೀಪ್ ಸೆಕೆಂಡ್ ಗೊತ್ತಾಗಿದೆ ಅಂತ ಅಲ್ಲ.

ಅಲ್ಲಿಯವರೆಗೆ ರಿಸೀವರ್ ಏನು ಮಾಡುತ್ತದೆ? ತಯಾರಾದಾಗ ಒಳಗೆ ಬರೆದಿಟ್ಟ ಹಳೆಯ ಅಂಕಿಯನ್ನೇ ಕಳೆಯುತ್ತದೆ. 2009ರಿಂದ 2012ರ ಮಧ್ಯದವರೆಗೆ ಆ ಅಂಕಿ 15 ಇತ್ತು. 18 ಕಳೆಯುವ ಕಡೆ 15 ಕಳೆದರೆ ಗಡಿಯಾರ ಸರಿಯಾಗಿ 3 ಸೆಕೆಂಡ್ ಮುಂದೆ ಹೋಗುತ್ತದೆ, ನಿಮಗೆ ಕಂಡ ಹಾಗೆ. ಏನೂ ಕಳೆಯದೆ ಪೂರಾ 18 ಸೆಕೆಂಡ್ ತಪ್ಪಿದ್ದರೂ ಎಫ್‌ಟಿ8ರ 15 ಸೆಕೆಂಡಿನ ಸ್ಲಾಟ್ (ಸಂದೇಶದ ಸರದಿ) ಲೆಕ್ಕದಲ್ಲಿ 3 ಸೆಕೆಂಡ್ ತಪ್ಪಿದಂತೆಯೇ ಕಾಣುತ್ತದೆ. ಎರಡರಲ್ಲಿ ಯಾವುದು ಅಂತ ತಿಳಿಯಲು ಫೋನ್ ಸಮಯ ಕೇಳಿದೆ. ಎಫ್‌ಟಿ8ಗೆ ಗಡಿಯಾರ ಒಂದು ಸೆಕೆಂಡಿನೊಳಗೆ ಇರಬೇಕು. 3 ಅಂದರೆ ಡಿಕೋಡ್ ಆಗಲ್ಲ.

ಇನ್ನು 12.5 ನಿಮಿಷ ಮುಕ್ಕಾಲು ಗಂಟೆ ಯಾಕಾಯಿತು? ನಿಮ್ಮ ಅಂಕಿಗಳನ್ನು ನೋಡಿ. ಬಯಲಲ್ಲಿ ತಲೆಯ ಮೇಲಿನ ಉಪಗ್ರಹ 40 ದಾಟಬೇಕು, 45ರವರೆಗೂ ಬರುತ್ತದೆ. ನಿಮ್ಮದು 20ರ ಆಸುಪಾಸು. ಅಷ್ಟು ಕಡಿಮೆ ಇದ್ದಾಗ ಬಿಟ್‌ಗಳು ತಪ್ಪುತ್ತವೆ, ಪ್ಯಾರಿಟಿ (ತಪ್ಪು ಹಿಡಿಯುವ ಲೆಕ್ಕ) ಹೊಂದದಿದ್ದರೆ ರಿಸೀವರ್ ಆ ಮಾಹಿತಿಯನ್ನು ಎಸೆಯುತ್ತದೆ. ಬಸ್ ತಪ್ಪಿದಂತೆ, ಮುಂದಿನದಕ್ಕೆ ಇನ್ನೊಂದು 12.5 ನಿಮಿಷ ಕಾಯಬೇಕು.

ಮಾಡಬೇಕಾದ್ದು ಇಷ್ಟು. ವೈರ್ ಇರುವ ಆಕ್ಟಿವ್ (ಒಳಗೇ ಆಂಪ್ಲಿಫೈಯರ್ ಇರುವ) ಆಂಟೆನಾ ತಂದು ಶೀಟಿನ ಮೇಲೆ ಕೂರಿಸಿ. ತಗಡಿನ ಕೆಳಗಿದ್ದರೆ ಆಕಾಶ ಮುಚ್ಚಿಹೋಗುತ್ತದೆ. ಮೇಲಿಟ್ಟರೆ ಅದೇ ತಗಡು ಪ್ಯಾಚ್ (ಚಪ್ಪಟೆ) ಆಂಟೆನಾಗೆ ಗ್ರೌಂಡ್ ಪ್ಲೇನ್ (ಕೆಳಗಿನ ಲೋಹದ ತಟ್ಟೆ) ಆಗಿ ಸಹಾಯಕ್ಕೆ ಬರುತ್ತದೆ. ಚಾರ್ಜರ್, ಯುಎಸ್‌ಬಿ ಹಾರ್ಡ್ ಡಿಸ್ಕ್ ದೂರ ಸರಿಸಿ. ಮಾಡ್ಯೂಲ್ ಮೇಲಿನ ಪುಟ್ಟ ಬ್ಯಾಟರಿಯನ್ನೂ ಅಳೆಯಿರಿ. ಅದು ಸತ್ತಿದ್ದರೆ ಕಲಿತ ಅಂಕಿ ರಾತ್ರಿ ಕಳೆಯುವುದರೊಳಗೆ ಮರೆತುಹೋಗುತ್ತದೆ. ದಿನಾ ಅದೇ ಕಥೆ ಅಂದಿರಲ್ವಾ, ನನಗೆ ಅದರ ಮೇಲೇ ಅನುಮಾನ. ಮಾಡ್ಯೂಲ್ ತಯಾರಕರ ತಂತ್ರಾಂಶ ಯು-ಸೆಂಟರ್‌ನ ಟೈಮ್‌ಯುಟಿಸಿ ಸಂದೇಶದಲ್ಲಿ ಯುಟಿಸಿ ಸರಿಯಿದೆಯೇ ಎಂದು ಹೇಳುವ ಬಿಟ್ ಇದೆ. ಅದು 1 ಆಗುವವರೆಗೆ ಕ್ರೋನಿ ಶುರು ಮಾಡಬೇಡಿ.

ಕೋಟೆಬುರುಜು, ಚಿತ್ರದುರ್ಗ:

ಒಂದು ಮಾತು ಸೇರಿಸುತ್ತೇನೆ. ರಷ್ಯಾದ ಗ್ಲೋನಾಸ್ ಉಪಗ್ರಹಗಳನ್ನೂ ಹಿಡಿಯುವ ನಿಯೋ-ಎಂ8ಎನ್ ಮಾಡ್ಯೂಲ್ ಹಾಕಿದರೆ ಈ ಕಾಯುವಿಕೆಯೇ ತಪ್ಪುತ್ತದೆ. ಗ್ಲೋನಾಸ್ ಸಮಯ ಯುಟಿಸಿಯ ಜೊತೆಗೇ ಲೀಪ್ ಸೆಕೆಂಡ್ ಸೇರಿಸಿಕೊಂಡು ನಡೆಯುತ್ತದೆ. ಎರಡೂ ಸಿಕ್ಕರೆ ವ್ಯತ್ಯಾಸ ನೋಡಿ ರಿಸೀವರ್ ತಾನೇ 18 ಅಂತ ಕಂಡುಕೊಳ್ಳುತ್ತದೆ. ನಮ್ಮಲ್ಲಿ ಕೋಟೆ ಬಂಡೆಗಳ ಮಧ್ಯೆ ಅರ್ಧ ಆಕಾಶ ಮುಚ್ಚಿರುತ್ತದೆ. ಅಲ್ಲಿ ಈ ಅನುಕೂಲ ಚೆನ್ನಾಗಿ ಗೊತ್ತಾಗುತ್ತದೆ. ಚೀನಾದ ಬೈಡೌ ಸಮಯಕ್ಕೂ ಯುಟಿಸಿಗೂ 4 ಸೆಕೆಂಡ್ ಅಂತರ, ನಮ್ಮ ದೇಶದ ನಾವಿಕ್‌ಗೆ ಜಿಪಿಎಸ್‌ನಂತೆಯೇ 18. ಕಚ್ಚಾ ಡೇಟಾ ಬರೆದಿಟ್ಟುಕೊಳ್ಳುವವರು ಇದನ್ನು ಗಮನದಲ್ಲಿಡಿ.

ಬೆಣ್ಣೆನಗರಿ:

ಜೋಗಿಮಟ್ಟಿ ಸರ್, ತುಂಬಾ ಉಪಕಾರ ಆಯ್ತು. ಆಂಟೆನಾ ಶೀಟಿನ ಮೇಲೆ ಹೋಯಿತು. ಅಂಕಿಗಳು ಈಗ 38ರಿಂದ 44. ಬ್ಯಾಟರಿ ಸತ್ತೇ ಇತ್ತು, ಬದಲಾಯಿಸಿದೆ. ಆನ್ ಮಾಡಿದ ಕೂಡಲೇ ಡಿಕೋಡ್ ಆಗುತ್ತಿದೆ! ಆದರೆ ಎಲ್ಲ ಸ್ಟೇಷನ್‌ಗಳ ಡಿಟಿ (ಅವರ ಸಂದೇಶಕ್ಕೂ ನನ್ನ ಗಡಿಯಾರಕ್ಕೂ ಸೆಕೆಂಡಿನಲ್ಲಿ ಇರುವ ಅಂತರ) ಮೈನಸ್ 0.4, ಮೈನಸ್ 0.5 ಅಂತ ತೋರಿಸುತ್ತಿದೆ. ಇದೂ ಲೀಪ್ ಸೆಕೆಂಡಾ?

ಜೋಗಿಮಟ್ಟಿ:

ಅಲ್ಲ, ಅದು ಪೂರ್ತಿ ಬೇರೆ. ಎಲ್ಲರ ಡಿಟಿಯೂ ಒಂದೇ ಕಡೆಗೆ ವಾಲಿದ್ದರೆ ತಪ್ಪು ನಮ್ಮ ಗಡಿಯಾರದ್ದೇ. ಮೈನಸ್ ಅಂದರೆ ನಿಮ್ಮದು ಹಿಂದಿದೆ. ಸೆಕೆಂಡ್ ಶುರುವಾದ ಮೇಲೆ ರಿಸೀವರ್ ಲೆಕ್ಕ ಹಾಕಿ, ಆಮೇಲೆ ಸಾಲುಗಳನ್ನು ಸೀರಿಯಲ್‌ನಲ್ಲಿ ಕಳಿಸುತ್ತದೆ. 9600 ಬಾಡ್ ವೇಗದಲ್ಲಿ ಒಂದು ಅಕ್ಷರಕ್ಕೆ ಸುಮಾರು 1 ಮಿಲಿಸೆಕೆಂಡ್. ಎಲ್ಲ ಸಾಲು ಸೇರಿ ನಾನೂರು, ಐನೂರು ಅಕ್ಷರ ಆದರೆ ಅಲ್ಲೇ ಅರ್ಧ ಸೆಕೆಂಡ್ ಹೋಯಿತು. ಉಪಗ್ರಹ ಜಾಸ್ತಿ ಕಂಡಷ್ಟೂ ಜಿಎಸ್‌ವಿ ಸಾಲು ಜಾಸ್ತಿ, ಹಾಗಾಗಿ ಈ ತಡ ಅಲುಗಾಡುತ್ತಲೂ ಇರುತ್ತದೆ. ಆಂಟೆನಾ ಸರಿಹೋದ ಮೇಲೆ ಜಿಎಸ್‌ವಿ ನಿಲ್ಲಿಸಿ, ಆರ್‌ಎಂಸಿ ಮತ್ತು (ಫಿಕ್ಸ್‌ನ ಬಗೆ ಹೇಳುವ) ಜಿಎಸ್‌ಎ ಸಾಲು ಇದ್ದರೆ ಸಾಕು. ಬಾಡ್ 38400 ಮಾಡಿ. ಉಳಿದ ಅಂತರವನ್ನು ಕ್ರೋನಿಯ ಆಫ್‌ಸೆಟ್‌ನಲ್ಲಿ ಹಾಕಿ, ಡಿಟಿಗಳು ಸೊನ್ನೆಯ ಎರಡೂ ಕಡೆ ಹರಡುವವರೆಗೆ ತಿದ್ದಿ.

ಕೋಟೆಬುರುಜು:

ಪ್ರತಿ ಸೆಕೆಂಡಿಗೆ ಒಂದು ಪಲ್ಸ್ ಕೊಡುವ ಪಿಪಿಎಸ್ ಪಿನ್‌ನಿಂದ ವೈರ್ ಎಳೆದುಕೊಂಡರೆ ಇನ್ನೂ ಒಳ್ಳೆಯದಲ್ವಾ? ಆಮೇಲೆ ಆಂಟೆನಾದ 10 ಮೀಟರ್ ಕೇಬಲ್‌ನ ತಡ?

ಜೋಗಿಮಟ್ಟಿ:

ಒಳ್ಳೆಯದೇ, ಆದರೆ ಎಫ್‌ಟಿ8ಗೆ ಬೇಕಿಲ್ಲ. ಮಾಮೂಲಿ ಕೇಬಲ್‌ನಲ್ಲಿ ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡ್, 10 ಮೀಟರಿಗೆ 50. ಪಿಪಿಎಸ್‌ನಿಂದ ನಿಖರ ಗಡಿಯಾರ ಕಟ್ಟುವವರು ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಇಲ್ಲಿ ಅದನ್ನು ಮರೆತುಬಿಡಿ.

ಬೆಣ್ಣೆನಗರಿ ಸರ್, ಇನ್ನೊಂದು ವಿಷಯ. ಸೂರ್ಯನ ಚಟುವಟಿಕೆ ಜೋರಾಗಿರುವ ವರ್ಷಗಳಲ್ಲಿ ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಕತ್ತಲಾದ ಮೇಲೆ ನಮ್ಮ ಭಾಗದಲ್ಲಿ ಅಯಾನುಗೋಳ (ವಾತಾವರಣದ ಮೇಲಿನ ವಿದ್ಯುದಾವೇಶದ ಪದರ) ಕಲಕಿ ಕೆಲವು ಉಪಗ್ರಹಗಳ ಅಂಕಿ ಏರಿಳಿಯಬಹುದು. ಆಗ ಆಂಟೆನಾ ಬಿಚ್ಚಲು ಹೋಗಬೇಡಿ, ಬೆಳಿಗ್ಗೆ ಮತ್ತೊಮ್ಮೆ ನೋಡಿ. ನೀವು ಟ್ರಾನ್ಸ್‌ಮಿಟ್ ಮಾಡಿದಾಗ ಮಾತ್ರ ಫಿಕ್ಸ್ ಹೋಗುತ್ತಿದ್ದರೆ ಅದು ಆಕಾಶದ್ದಲ್ಲ, ನಿಮ್ಮ ರೇಡಿಯೊ ಅಲೆ ಯುಎಸ್‌ಬಿ ವೈರಿಗೆ ನುಗ್ಗುತ್ತಿದೆ ಅಂತ. ಮಾಡ್ಯೂಲ್ ತುದಿಯಲ್ಲಿ ವೈರಿಗೆ ಫೆರೈಟ್ (ರೇಡಿಯೊ ಅಲೆ ತಡೆಯುವ ಮಣಿ) ಹಾಕಿ.

ಬೆಣ್ಣೆನಗರಿ:

ಜಿಎಸ್‌ವಿ ನಿಲ್ಲಿಸಿ ಬಾಡ್ ಏರಿಸಿದೆ, ಡಿಟಿ ಮೈನಸ್ 0.1ಕ್ಕೆ ಬಂತು. ಫೆರೈಟ್ ಇನ್ನೂ ತಂದಿಲ್ಲ. ಹೊಲಕ್ಕೆ ಹೋಗಿ ಟ್ರಾನ್ಸ್‌ಮಿಟ್ ಮಾಡಿ ನೋಡಿ, ಇಲ್ಲೇ ಬರೆಯುತ್ತೇನೆ.